ಸೊಟ್ಟ ನಗುವಿಗೆ ಅಳತೆಪಟ್ಟಿ

ವಿಜಯಪುರದಲ್ಲಿ ನಾನು ಫಿಸಿಯೋಥೆರಪಿ ಮಾಡುತ್ತೇನೆ. 'ಮುಖಕ್ಕೆ ಲಕ್ವಾ ಹೊಡೆದಿದೆ' ಅಂತ ಬರುವವರಲ್ಲಿ ಹೆಚ್ಚಿನವರದು ಬೆಲ್ಸ್ ಪಾಲ್ಸಿ, ಅಂದರೆ ಮುಖದ ನರ ಸೋತು ಒಂದು ಕಡೆಯ ಮುಖ ಅಲುಗಾಡದೆ ಹೋಗುವುದು. ಬಹಳಷ್ಟು ಜನಕ್ಕೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಮೊದಲ 72 ಗಂಟೆಯೊಳಗೆ ವೈದ್ಯರು ಸ್ಟೀರಾಯ್ಡ್ ಶುರು ಮಾಡಿದರೆ ಇನ್ನೂ ಒಳ್ಳೆಯದು. ನನ್ನ ತಲೆ ತಿನ್ನುವುದು ಉಳಿದವರ ಕೇಸು. ವರ್ಷ ಕಳೆದರೂ ಮುಖದಲ್ಲಿ ಏನೋ ಉಳಿದಿರುತ್ತದೆ, ಏನು ಅಂತ ಅವರಿಗೂ ಹೇಳಲು ಬರುವುದಿಲ್ಲ.

ಫೈಲಿನಲ್ಲಿ ಬರೆಯುವುದು ಹೌಸ್-ಬ್ರಾಕ್‌ಮನ್ ಗ್ರೇಡ್. ಮುಖ ಎಷ್ಟು ಸೋತಿದೆ ಅನ್ನುವುದಕ್ಕೆ 1985ರಿಂದ ಬಳಕೆಯಲ್ಲಿದೆ, ಒಂದರಿಂದ ಆರು: ಒಂದು ಅಂದರೆ ಸರಿಯಾದ ಮುಖ, ಆರು ಅಂದರೆ ಚಲನೆಯೇ ಇಲ್ಲ. ಬರೆಯುವುದು ಸುಲಭ, ಆದರೆ ಮೂರನೇ ಗ್ರೇಡಿನ ಇಬ್ಬರನ್ನು ಅಕ್ಕಪಕ್ಕ ಕೂರಿಸಿದರೆ ಒಬ್ಬರ ತೊಂದರೆ ಇನ್ನೊಬ್ಬರಿಗೆ ಇರುವುದೇ ಇಲ್ಲ. 1996ರ ಸನ್ನಿಬ್ರೂಕ್ ಪದ್ಧತಿ ಇದಕ್ಕಿಂತ ಸೂಕ್ಷ್ಮ, 100 ಅಂಕದ್ದು. ಆದರೂ ಅದೂ ಕಣ್ಣಂದಾಜೇ ಅಲ್ವಾ?

ಹಾಗಾಗಿ ಫೋಟೋ ಮೇಲೆ ಅಳೆಯಲು ಶುರು ಮಾಡಿದೆ. ದುಬಾರಿ 3ಡಿ ಕ್ಯಾಮೆರಾ ನಮಗೆ ಎಲ್ಲಿಯದು? ಮೊಬೈಲು, ಟ್ರೈಪಾಡು, ಹಳೇ ಲ್ಯಾಪ್‌ಟಾಪು ಇಷ್ಟೇ. ಬೋಸ್ಟನ್‌ನ ಮಸಾಚುಸೆಟ್ಸ್ ಐ ಅಂಡ್ ಇಯರ್ ಆಸ್ಪತ್ರೆಯವರು ಮಾಡಿದ ಎಮೋಟ್ರಿಕ್ಸ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅದು ಮುಖದ ಮೇಲೆ 68 ಚುಕ್ಕೆ ಇಟ್ಟು ಹುಬ್ಬಿನ ಎತ್ತರ, ಕಣ್ಣಿನ ಬಿಚ್ಚು (ರೆಪ್ಪೆಗಳ ನಡುವಿನ ಅಂತರ), ಬಾಯಿಯ ಮೂಲೆ ಸರಿದ ದೂರ ಎಲ್ಲವನ್ನೂ ಮಿಲಿಮೀಟರಿನಲ್ಲಿ ಹೇಳುತ್ತದೆ. ಫೋಟೋದಲ್ಲಿ ಮಿಲಿಮೀಟರ್ ಎಲ್ಲಿಂದ ಬಂತು? ಕಣ್ಣಿನ ಐರಿಸ್, ಅಂದರೆ ಕಣ್ಣಿನ ಬಣ್ಣದ ವೃತ್ತ, ದೊಡ್ಡವರಲ್ಲಿ ಹೆಚ್ಚೂಕಡಿಮೆ ಒಂದೇ ಅಳತೆ, ಸುಮಾರು 11.7 ಮಿಲಿಮೀಟರ್. ಅದೇ ಅಳತೆಪಟ್ಟಿ. ಸ್ಕೇಲ್ ಹಿಡಿದು ನಿಲ್ಲಬೇಕಿಲ್ಲ.

ಕಷ್ಟ ಇರುವುದು ಫೋಟೋ ತೆಗೆಯುವುದರಲ್ಲಿ. ಹತ್ತಿರದಿಂದ ತೆಗೆದರೆ ಮೂಗು ಉಬ್ಬಿ ಮುಖದ ಆಕಾರವೇ ಕೆಡುತ್ತದೆ. ಅದಕ್ಕೆ ಒಂದೂವರೆ ಮೀಟರ್ ದೂರದಿಂದ, ಜೂಮ್ ಮಾಡಿ ತೆಗೆಯುತ್ತೇನೆ. ಲೆನ್ಸು ಕಣ್ಣಿನ ಮಟ್ಟಕ್ಕೆ, ಬೆಳಕು ಎದುರಿನಿಂದ. ತಲೆ ಸ್ವಲ್ಪ ಹೊರಳಿದರೂ ಒಂದು ಕೆನ್ನೆ ಸಣ್ಣದಾಗಿ ಕಾಣುತ್ತದೆ. ಸೆರಗು ಹುಬ್ಬಿನಿಂದ ಮೇಲಿರಬೇಕು. ಗಂಡಸರ ಮೀಸೆ ಮೇಲ್ದುಟಿಯನ್ನು ನುಂಗಿಬಿಡುತ್ತದೆ. ನಮ್ಮ ಕಡೆ ಮೀಸೆ ತೆಗೆಯಿರಿ ಅನ್ನುವ ಧೈರ್ಯ ಯಾರಿಗಿದೆ, ಬಾಯಿಯ ಮೂಲೆಯನ್ನಷ್ಟೇ ಅಳೆಯುತ್ತೇನೆ. ಸೊಟ್ಟ ಮುಖದ ಮೇಲೆ ಸಾಫ್ಟ್‌ವೇರ್ ಚುಕ್ಕೆಗಳನ್ನು ತಪ್ಪಾಗಿ ಇಡುವುದೂ ಇದೆ, ಕೈಯಿಂದಲೇ ಎಳೆದು ಸರಿಪಡಿಸಬೇಕು. ಒಂದೇ ದಿನ ಎರಡು ಸಲ ತೆಗೆದು ಎಷ್ಟು ವ್ಯತ್ಯಾಸ ಬರುತ್ತದೆ ಅಂತಲೂ ನೋಡುತ್ತೇನೆ. ಆಮೇಲೆ ಕಂಡ ಬದಲಾವಣೆ ಅದಕ್ಕಿಂತ ಕಡಿಮೆ ಇದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸುಮ್ನೆ ಕೂತ ಫೋಟೋ ಮೋಸ ಮಾಡುತ್ತದೆ. ಹುಬ್ಬೇರಿಸಿ, ಮೆಲ್ಲಗೆ ಕಣ್ಣು ಮುಚ್ಚಿ, ಗಟ್ಟಿಯಾಗಿ ಮುಚ್ಚಿ, ನಗಿ, 'ಊ' ಅನ್ನಿ ಅಂತ ಒಂದೊಂದಾಗಿ ಮಾಡಿಸಬೇಕು. ನಿಜ ಹೊರಬರುವುದು ಅಲ್ಲಿ.

ಒಬ್ಬ ಹೆಂಗಸು 'ರೊಟ್ಟಿ ಅಗಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತೆ' ಅಂದರು. ಮನೆಯವರಿಗೆ ಅದು ಭ್ರಮೆ ಅನಿಸಿತ್ತು. ಸುಮ್ನೆ ಕೂತಾಗ ಆ ಕಣ್ಣಿನ ಬಿಚ್ಚು 8 ಮಿಲಿಮೀಟರ್, ನಕ್ಕಾಗ 4. ಬಾಯಿಯ ಮೂಲೆ ಮಾತ್ರ ಚೆನ್ನಾಗಿಯೇ ಸರಿಯುತ್ತಿತ್ತು. ಅಂದರೆ ಅವರ ಸ್ನಾಯುಗಳಿಗೆ ಶಕ್ತಿ ಕಡಿಮೆ ಇರಲಿಲ್ಲ. ನರ ಮತ್ತೆ ಬೆಳೆಯುವಾಗ ಬಾಯಿಗೆ ಹೋಗಬೇಕಾದ ಎಳೆ ಕಣ್ಣಿನ ಸ್ನಾಯುವಿಗೂ ಸೇರಿಬಿಟ್ಟಿತ್ತು. ಇದಕ್ಕೆ ಸಿಂಕೈನೇಸಿಸ್ ಅನ್ನುತ್ತಾರೆ. ಮುಖಕ್ಕೆ ಲಕ್ವಾ ಆದ ಕೆಲವು ತಿಂಗಳ ನಂತರ ಶುರುವಾಗುತ್ತದೆ, ಹಾಗಾಗಿ ಶುರುವಿನಲ್ಲಿ ಬರೆದ ಗ್ರೇಡಿನಲ್ಲಿ ಅದರ ಸುಳಿವೇ ಇರುವುದಿಲ್ಲ. ಈ ಹಂತದಲ್ಲಿ ಹಾನಿಯಾದ ಕಡೆಯೇ ಬಿಗಿದು ಕೆನ್ನೆಯ ಗೆರೆ ಆಳವಾಗಿ ಕಾಣುವುದುಂಟು. ಹಾಗಾಗಿ ಒಳ್ಳೆಯ ಕಡೆಯೇ ಸೋತಿದೆ ಅಂದುಕೊಂಡು ಮನೆಯವರು ಅದಕ್ಕೆ ಎಣ್ಣೆ ತಿಕ್ಕುತ್ತಾ ಕೂತಿದ್ದನ್ನು ನೋಡಿದ್ದೇನೆ.

ಅಂಕಿ ಸಿಕ್ಕ ಮೇಲೆ ಚಿಕಿತ್ಸೆಯೇ ಬದಲಾಯಿತು. 'ಕರೆಂಟ್ ಕೊಡಿ ಸಾರ್, ಜೋರಾಗಿ ವ್ಯಾಯಾಮ ಹೇಳಿ' ಅಂತ ಕೇಳುವವರೇ ಜಾಸ್ತಿ. ಇಂಥ ಮುಖಕ್ಕೆ ನಾನು ಎರಡನ್ನೂ ಹೇಳುವುದಿಲ್ಲ. ಕನ್ನಡಿ ಮುಂದೆ ಕೂತು ಕಣ್ಣು ಸಡಿಲ ಬಿಟ್ಟು, ಕಾಲುಭಾಗ ಮಾತ್ರ ನಗಬೇಕು. ಕಣ್ಣು ಎಳೆಯಿತೋ, ಅಲ್ಲೇ ನಿಲ್ಲಿಸಬೇಕು. ಅದರಿಂದ ಸಾಲದಿದ್ದರೆ ಬೊಟಾಕ್ಸ್ (ಸ್ನಾಯು ಸಡಿಲಿಸುವ ಚುಚ್ಚುಮದ್ದು) ಕೊಡುವ ವೈದ್ಯರ ಹತ್ತಿರ ಫೋಟೋ, ಅಂಕಿ ಎರಡನ್ನೂ ಕಳಿಸುತ್ತೇನೆ. ಆ ಹೆಂಗಸಿನ ಕಣ್ಣು ಈಗ ನಕ್ಕಾಗ 6 ಮಿಲಿಮೀಟರಿನಲ್ಲಿ ನಿಲ್ಲುತ್ತದೆ. ಕೆನ್ನೆಯ ಬಿಗಿತವನ್ನು ಯಾವ ಚುಕ್ಕೆಯೂ ಹೇಳುವುದಿಲ್ಲ, ಊಟ ಮಾಡುವಾಗ ಸುರಿಯುವ ಕಣ್ಣೀರನ್ನೂ ಹೇಳುವುದಿಲ್ಲ. ಅವೆರಡನ್ನು ಬಾಯಿಬಿಟ್ಟು ಕೇಳಿ, ಅಂಕಿಯ ಪಕ್ಕದಲ್ಲೇ ಬರೆದಿಡುತ್ತೇನೆ.