ಹೊಸಬರಿಗೆ ಮಾರ್ಗದರ್ಶಿ: ನೋವು ಬರುವ ಮುಂಚೆ ಹಲ್ಲಿನ ಡಾಕ್ಟರನ್ನು ಹುಡುಕಿ

ಇದು ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ ನಮ್ಮ ಕನ್ನಡ ಸಂಘ ಬರೆದದ್ದು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ನಿಯಮ ಬೇರೆ, ದರ ಬೇರೆ. ಮನೆ, ಶಾಲೆ, ಬ್ಯಾಂಕ್ ಖಾತೆ ಬಗ್ಗೆ ಬೇರೆ ಭಾಗಗಳಲ್ಲಿ ಬರೆದಿದ್ದೇವೆ. ಹಲ್ಲಿನ ಭಾಗ ಮಾತ್ರ ಉದ್ದ ಆಗಿದೆ. ಬರೆದವಳಿಗೆ ನೋವಾಗಿತ್ತು, ಅದಕ್ಕೆ.

ನಿಪ್ಪಟ್ಟಿನ ಕಥೆ

ನಾವು ಬಂದ ಮೊದಲ ವರ್ಷ. ಗೌರಿ ಹಬ್ಬಕ್ಕೆ ನಮ್ಮತ್ತೆ ಊರಿಂದ ನಿಪ್ಪಟ್ಟು ಕಳಿಸಿದ್ದರು. ಕಟುಂ ಅಂತ ಕಚ್ಚಿದೆ. ಕಡಲೆಬೀಜ ಅಂದುಕೊಂಡು ಅಗಿದದ್ದು ನನ್ನದೇ ದವಡೆ ಹಲ್ಲಿನ ಚೂರು.

ಊರಲ್ಲಾಗಿದ್ದರೆ ಸಂಜೆ ಕ್ಲಿನಿಕ್ಕಿಗೆ ಹೋಗಿ, ಟೋಕನ್ ತಗೊಂಡು, ಊಟದ ಹೊತ್ತಿಗೆ ಮನೆಗೆ ಬಂದಿರುತ್ತಿದ್ದೆ. ಇಲ್ಲೂ ಹಾಗೇ ಅಂತ ಜಿಪಿಗೆ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರಿಗೆ, ಫೋನ್ ಮಾಡಿದೆ. ಹಲ್ಲು ನಾವು ನೋಡುವುದಿಲ್ಲ ಅಂದರು. ಜಿಪಿ ಹತ್ತಿರ ಹೆಸರು ಬರೆಸಿದರೆ ಹಲ್ಲೂ ಅದರಲ್ಲೇ ಬಂತು ಅಂದುಕೊಂಡಿದ್ದೆ. ಬರುವುದಿಲ್ಲ.

ಮಗನ ಹಳೇ ನೋಟ್‌ಬುಕ್ ತೆಗೆದು ಸುತ್ತಮುತ್ತಲಿನ ಕ್ಲಿನಿಕ್‌ಗಳ ನಂಬರ್ ಬರೆದುಕೊಂಡೆ. ಒಟ್ಟು 31. ಎಲ್ಲರದ್ದೂ ಪಾಠ ಒಪ್ಪಿಸಿದ ಹಾಗೆ ಒಂದೇ ಉತ್ತರ: ಹೊಸ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಪೇಶೆಂಟ್ ತಗೊಳ್ಳುತ್ತಿಲ್ಲ, ಪ್ರೈವೇಟ್ ಆದರೆ ನಾಳೆ ಬೆಳಿಗ್ಗೆ ಬನ್ನಿ. ಪ್ರೈವೇಟ್ ರೇಟು ಕೇಳಿ ಫೋನ್ ಇಟ್ಟೆ. ಹನ್ನೊಂದು ದಿನ ಲವಂಗ ಕಚ್ಚಿಕೊಂಡು ಕೆಲಸಕ್ಕೆ ಹೋದೆ. 111 ಅನ್ನುವ ಎನ್‌ಎಚ್‌ಎಸ್ ಸಹಾಯವಾಣಿ ನಂಬರ್ ಇದೆ ಅಂತ ಒಬ್ಬರೂ ಹೇಳಲಿಲ್ಲ.

ನೋವು ಈಗಲೇ ಇದ್ದರೆ

- 111ಕ್ಕೆ ಫೋನ್ ಮಾಡಿ. ಕರೆ ಉಚಿತ. ತುರ್ತು ಹಲ್ಲಿನ ಚಿಕಿತ್ಸೆ ಬೇಕು ಅಂತ ಹೇಳಿ.
- ಬಾಯಿ ಅಥವಾ ಕುತ್ತಿಗೆ ಊದಿ ಉಸಿರಾಟಕ್ಕೆ, ನುಂಗುವುದಕ್ಕೆ ಕಷ್ಟ ಆದರೆ, ರಕ್ತ ನಿಲ್ಲದಿದ್ದರೆ, ಆಸ್ಪತ್ರೆಯ ಎ ಅಂಡ್ ಇಗೆ (ತುರ್ತು ವಿಭಾಗಕ್ಕೆ) ಹೋಗಿ, ಇಲ್ಲಾ 999ಕ್ಕೆ ಫೋನ್ ಮಾಡಿ.
- ಸೂಟ್‌ಕೇಸ್‌ನಲ್ಲಿ ತಂದ ಆ್ಯಂಟಿಬಯೋಟಿಕ್ ನೀವೇ ನುಂಗಬೇಡಿ.

ನೋವು ಇಲ್ಲದಿದ್ದರೆ, ಈ ವಾರವೇ

ಎನ್‌ಎಚ್‌ಎಸ್ ವೆಬ್‌ಸೈಟಿನಲ್ಲಿ 'ಫೈಂಡ್ ಎ ಡೆಂಟಿಸ್ಟ್' ತೆರೆದು ನಿಮ್ಮ ಪೋಸ್ಟ್‌ಕೋಡ್ ಹಾಕಿ. ವೆಬ್‌ಸೈಟಿನಲ್ಲಿ ಏನೇ ಇದ್ದರೂ ಒಮ್ಮೆ ಫೋನ್ ಮಾಡಿ ಕೇಳಿ, ಅಲ್ಲಿನ ಮಾಹಿತಿ ಹಳೆಯದಿರಬಹುದು. ಜಿಪಿ ತರಹ ಏರಿಯಾ ಲೆಕ್ಕ ಇಲ್ಲ. ಪಕ್ಕದ ಊರಿನ ಕ್ಲಿನಿಕ್ ಆದರೂ ಆಗುತ್ತದೆ, ಕೆಲಸದ ಜಾಗದ ಹತ್ತಿರ ಆದರೂ ಆಗುತ್ತದೆ. ವೇಟಿಂಗ್ ಲಿಸ್ಟ್ ಇದ್ದರೆ ಎರಡು ಮೂರು ಕಡೆ ಹೆಸರು ಕೊಡಿ.

ಯಾಕಿಷ್ಟು ಕಷ್ಟ? 2006ರ ಒಪ್ಪಂದದ ಪ್ರಕಾರ ಸರ್ಕಾರ ಒಂದೊಂದು ಕ್ಲಿನಿಕ್ಕಿಗೂ ವರ್ಷಕ್ಕೆ ಇಷ್ಟು ಕೆಲಸ ಅಂತ ಯೂನಿಟ್ ಲೆಕ್ಕದಲ್ಲಿ ಗೊತ್ತುಮಾಡುತ್ತದೆ. ಆ ಯೂನಿಟ್ಟನ್ನು ಯುಡಿಎ ಅನ್ನುತ್ತಾರೆ, ದುಡ್ಡು ಕೊಡುವುದೂ ಅದೇ ಲೆಕ್ಕದಲ್ಲಿ. ಚೆಕಪ್‌ಗೆ ಒಂದು ಯೂನಿಟ್, ಫಿಲ್ಲಿಂಗ್‌ಗೆ ಮೂರು. 2022ರ ಕೊನೆವರೆಗೆ ಒಂದು ಫಿಲ್ಲಿಂಗ್ ಹಾಕಿದರೂ ಮೂರೇ, ಐದು ಹಾಕಿದರೂ ಮೂರೇ. ವರ್ಷಗಟ್ಟಲೆ ಡಾಕ್ಟರ್ ಮುಖ ನೋಡದೆ ಬಾಯಿ ತುಂಬ ಹುಳುಕು ಇಟ್ಟುಕೊಂಡು ಬರುವ ಹೊಸ ಪೇಶೆಂಟ್ ಅಂದರೆ ಅವರಿಗೆ ನಷ್ಟ, ಅಲ್ವಾ? ಎಷ್ಟೋ ಡೆಂಟಿಸ್ಟ್‌ಗಳು ಎನ್‌ಎಚ್‌ಎಸ್ ಕೆಲಸ ಬಿಟ್ಟು ಪ್ರೈವೇಟ್‌ಗೆ ಹೋದರು. ಇನ್ನೊಂದು ಮಾತು: ಈ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಫೆಬ್ರವರಿ ಹೊತ್ತಿಗೆ ಕೆಲವರ ಯೂನಿಟ್ ಮುಗಿದಿರುತ್ತದೆ. ಏಪ್ರಿಲ್ ಮೊದಲ ವಾರ ಮತ್ತೆ ಫೋನ್ ಮಾಡಿ. ನಮ್ಮಲ್ಲಿ ಮೂರು ಮನೆಯವರಿಗೆ ಹಾಗೇ ಸಿಕ್ಕಿದ್ದು.

ಸಿಕ್ಕ ಮೇಲೆ ಅಪಾಯಿಂಟ್‌ಮೆಂಟ್ ತಪ್ಪಿಸಬೇಡಿ. ನಮ್ಮ ಕಾರ್ಯಕ್ರಮಕ್ಕೆ ಒಂದು ಗಂಟೆ ತಡ ಬಂದರೆ ಬಿಸಿಬೇಳೆಬಾತ್ ಎತ್ತಿಟ್ಟಿರುತ್ತೇವೆ. ಕ್ಲಿನಿಕ್‌ನವರು ಹೆಸರನ್ನೇ ತೆಗೆದುಹಾಕಬಹುದು.

ದುಡ್ಡು

2025ರ ಏಪ್ರಿಲ್‌ನಲ್ಲಿ ಗೊತ್ತುಮಾಡಿದ ದರ ಇದು. ಏಪ್ರಿಲ್ ಬಂದರೆ ಸಾಮಾನ್ಯವಾಗಿ ಸ್ವಲ್ಪ ಏರುತ್ತದೆ, ನೋಡಿಕೊಳ್ಳಿ.

- ಬ್ಯಾಂಡ್ 1: ಚೆಕಪ್, ಎಕ್ಸ್‌ರೇ, ತುರ್ತು ಚಿಕಿತ್ಸೆ. 27.40 ಪೌಂಡ್
- ಬ್ಯಾಂಡ್ 2: ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳುವುದು. 75.30
- ಬ್ಯಾಂಡ್ 3: ಕ್ರೌನ್, ಬ್ರಿಡ್ಜ್, ಹಲ್ಲಿನ ಸೆಟ್. 326.70

ಇದು ಒಂದೊಂದು ಹಲ್ಲಿಗಲ್ಲ. ಒಂದು ಸುತ್ತಿನ ಇಡೀ ಚಿಕಿತ್ಸೆಗೆ ಒಂದೇ ದರ. ನಾಲ್ಕು ಫಿಲ್ಲಿಂಗ್ ಆದರೂ ಬ್ಯಾಂಡ್ 2ರ ಒಂದೇ ದರ. ನಡುವೆ ಪ್ರೈವೇಟ್ ಕೆಲಸ ಏನಾದರೂ ಸೇರಿಸಿದರೆ ಅದಕ್ಕೆ ಬೇರೆ ಬಿಲ್. ಯಾವುದು ಎನ್‌ಎಚ್‌ಎಸ್, ಯಾವುದು ಪ್ರೈವೇಟ್ ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಸುಮ್ನೆ ತಲೆ ಆಡಿಸಬೇಡಿ.

ಬಸುರಿಯರಿಗೆ, ಹೆರಿಗೆ ಆಗಿ ಒಂದು ವರ್ಷದವರೆಗೆ, ಉಚಿತ. ಅದಕ್ಕೆ ಮೆಟರ್ನಿಟಿ ಎಕ್ಸೆಂಪ್ಶನ್ ಸರ್ಟಿಫಿಕೇಟ್ ಬೇಕು, ಮಿಡ್‌ವೈಫ್ ಹತ್ತಿರ ಕೇಳಿ. ನಮ್ಮ ಎಷ್ಟು ಹೆಣ್ಣುಮಕ್ಕಳು ಇದನ್ನು ಗೊತ್ತಿಲ್ಲದೆ ಕಳೆದುಕೊಂಡರೋ! ವೀಸಾದಲ್ಲಿ 'ನೋ ಪಬ್ಲಿಕ್ ಫಂಡ್ಸ್' ಅಂತ ಇದೆಯಲ್ಲ ಅಂತ ಹೆದರಬೇಡಿ. ಎನ್‌ಎಚ್‌ಎಸ್ ಚಿಕಿತ್ಸೆ ಆ ಲೆಕ್ಕಕ್ಕೆ ಬರುವುದಿಲ್ಲ. ಬಹಳಷ್ಟು ವೀಸಾಗಳಿಗೆ ದೊಡ್ಡವರ ತಲೆಗೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್ಚಾರ್ಜ್ ಮೊದಲೇ ಕಟ್ಟಿ ಬಂದಿರುತ್ತೀರಿ. ಬಿಟ್ಟಿ ಕೇಳುತ್ತಿಲ್ಲ.

(1948ರಲ್ಲಿ ಎನ್‌ಎಚ್‌ಎಸ್ ಶುರುವಾದಾಗ ಹಲ್ಲಿಗೂ ದುಡ್ಡಿರಲಿಲ್ಲ. 1951ರಲ್ಲಿ ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ದುಡ್ಡು ಕೇಳಲು ಹೊರಟಾಗ ಎನ್‌ಎಚ್‌ಎಸ್ ಕಟ್ಟಿದ ಅನೈರಿನ್ ಬೆವನ್ ಮಂತ್ರಿಗಿರಿಯನ್ನೇ ಬಿಟ್ಟರು.)

ಮಕ್ಕಳು

18 ತುಂಬುವವರೆಗೆ ಪೂರ್ತಿ ಉಚಿತ. ಆದರೂ ಕರೆದುಕೊಂಡು ಹೋಗುವುದಿಲ್ಲ! ಹಾಲು ಹಲ್ಲು, ಹೇಗೂ ಬೀಳುತ್ತೆ ಅನ್ನುತ್ತೀರಿ. ಇಂಗ್ಲೆಂಡಿನಲ್ಲಿ 5ರಿಂದ 9 ವರ್ಷದ ಮಕ್ಕಳು ಆಸ್ಪತ್ರೆ ಸೇರಲು ಮೊದಲ ಕಾರಣ ಹುಳುಕು ಹಲ್ಲು. ಮೊದಲ ಹಲ್ಲು ಬಂದಾಗಲೇ ತೋರಿಸಿ, ವರ್ಷ ತುಂಬುವುದರೊಳಗೆ. ಮೂರು ವರ್ಷದ ಮೇಲೆ ವರ್ಷಕ್ಕೆ ಎರಡು ಸಲ ಹುಳುಕು ತಡೆಯುವ ಫ್ಲೋರೈಡ್ ವಾರ್ನಿಶ್ ಹಚ್ಚಿಸಿ. ಮಲಗುವಾಗ ಬಾಟಲಿ ಹಾಲಿಗೆ ಸಕ್ಕರೆ ಬೇಡ. ಹಲ್ಲುಜ್ಜಿ ಉಗುಳಿದ ಮೇಲೆ ನಮ್ಮ ಹಾಗೆ ಮುಕ್ಕಳಿಸಿ ಮುಕ್ಕಳಿಸಿ ತೊಳೆಯಬಾರದು ಅಂತಾರೆ ಇಲ್ಲಿ. ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಇರಬೇಕಂತೆ. ನನಗೆ ಅಭ್ಯಾಸ ಬಿಡಲು ಎರಡು ವರ್ಷ ಹಿಡಿಯಿತು.

ಸಿಗದಿದ್ದರೆ ಸುಮ್ನೆ ಕೂರಬೇಡಿ

ನಮ್ಮವರದ್ದು ಒಂದು ಗುಣ. ಸಿಗದಿದ್ದರೆ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಮಾಡಿಸಿಕೊಳ್ಳೋಣ ಅಂತ ಬಾಯಿ ಮುಚ್ಚಿಕೊಂಡು ಇರುತ್ತೇವೆ. ಥೇಮ್ಸ್ ದಡದ ಬಸವಣ್ಣನ ಮೂರ್ತಿ ಮುಂದೆ ಫೋಟೋ ತೆಗೆಸಿಕೊಳ್ಳದವರಿಲ್ಲ, ಆದರೆ ಕೌನ್ಸಿಲರ್‌ಗೆ ಒಂದು ಇಮೇಲ್ ಬರೆಯಿರಿ ಅಂದರೆ ನಮಗ್ಯಾಕೆ ಊರ ಉಸಾಬರಿ ಅನ್ನುತ್ತಾರೆ.

ಸಫಕ್‌ನ ಲೀಸ್ಟನ್ ಅನ್ನುವ ಸಣ್ಣ ಊರಲ್ಲಿ ಡೆಂಟಲ್ ಕ್ಲಿನಿಕ್ ಮುಚ್ಚಿದಾಗ 2021ರಲ್ಲಿ ಅಲ್ಲಿನ ಜನ ಎದ್ದರು. ಅದು 'ಟೂತ್‌ಲೆಸ್ ಇನ್ ಇಂಗ್ಲೆಂಡ್' ಅಂತ ದೇಶವ್ಯಾಪಿ ಚಳವಳಿ ಆಯಿತು. ಬ್ರಿಸ್ಟಲ್‌ನ ಸೇಂಟ್ ಪಾಲ್ಸ್‌ನಲ್ಲಿ ಮುಚ್ಚಿದ್ದ ಕ್ಲಿನಿಕ್ ಸ್ಥಳೀಯರ ಹೋರಾಟದ ನಂತರ 2024ರ ಫೆಬ್ರವರಿಯಲ್ಲಿ ಮತ್ತೆ ತೆರೆಯಿತು. ಹೆಸರು ಬರೆಸಲು ನೂರಾರು ಜನ ಬೀದಿ ತುಂಬ ಸಾಲು ನಿಂತರು, ಪೊಲೀಸರೂ ಬಂದರು.

2023ರ ಏಪ್ರಿಲ್‌ನಿಂದ ಹಲ್ಲಿನ ಸೇವೆ ಎಲ್ಲಿ, ಎಷ್ಟು ಅಂತ ತೀರ್ಮಾನಿಸುವುದು ಆಯಾ ಪ್ರದೇಶದ ಇಂಟಿಗ್ರೇಟೆಡ್ ಕೇರ್ ಬೋರ್ಡ್, ಅಂದರೆ ಐಸಿಬಿ. ಅವರಿಗೆ ಬರೆಯಿರಿ. ಎಂಪಿಗೂ ಒಂದು ಪ್ರತಿ ಕಳಿಸಿ. ಎಂಪಿಗೆ ಬರೆಯುವಾಗ ಮನೆ ವಿಳಾಸ, ಪೋಸ್ಟ್‌ಕೋಡ್ ಹಾಕಲೇಬೇಕು. ತಮ್ಮ ಕ್ಷೇತ್ರದವರ ಪತ್ರ ಮಾತ್ರ ಅವರು ತಗೊಳ್ಳುತ್ತಾರೆ. ಉದ್ದ ಬೇಡ, ಗೋಳೂ ಬೇಡ. ಯಾವ ದಿನ, ಯಾವ ಕ್ಲಿನಿಕ್, ಏನಂದರು, ಅಷ್ಟೇ.

ಇನ್ನೊಂದು ವಿಷಯ ಹೊಸಬರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ಪ್ರಜೆಗಳಾಗಿ ಇಲ್ಲಿ ನಮಗೆ ವೋಟಿದೆ. ಮೊದಲು ಮತದಾರರ ಪಟ್ಟಿಗೆ ಹೆಸರು ಸೇರಿಸಿ.

ನನ್ನ 31 ನಂಬರಿನ ನೋಟ್‌ಬುಕ್ ಈಗ ಸಂಘದ ಪಟ್ಟಿಯಾಗಿದೆ. ಪ್ರತಿ ತಿಂಗಳು ಇಬ್ಬರು ಸ್ವಯಂಸೇವಕರು ಎಲ್ಲ ಕ್ಲಿನಿಕ್‌ಗಳಿಗೂ ಫೋನ್ ಮಾಡಿ ಹೌದು, ಇಲ್ಲ, ವೇಟಿಂಗ್ ಅಂತ ಗುರುತು ಹಾಕುತ್ತಾರೆ. ಅದೇ ಹಾಳೆ ಐಸಿಬಿಗೂ ಹೋಗುತ್ತದೆ. ನಿಮಗೆ ಸಿಕ್ಕ ಉತ್ತರವನ್ನೂ ನಮಗೆ ತಿಳಿಸಿ, 'ಇಲ್ಲ' ಅಂದಿದ್ದನ್ನೂ.

ಊರಿಂದ ಹೊರಡುವ ಮುಂಚೆ

- ಒಂದು ಚೆಕಪ್, ಕ್ಲೀನಿಂಗ್
- ಅರ್ಧ ಆದ ರೂಟ್ ಕೆನಾಲ್ ಮುಗಿಸಿ, ಕ್ಯಾಪ್ ಸಮೇತ
- ಹಳೇ ಎಕ್ಸ್‌ರೇ ಫೋನಿನಲ್ಲಿ
- ನೋಡಿಹೋಗಲು ಬರುವ ಅಪ್ಪ ಅಮ್ಮನಿಗೆ ಇನ್ಶೂರೆನ್ಸ್, ಹಲ್ಲಿನ ತುರ್ತು ಖರ್ಚು ಸೇರಿಸಿ
- ನಿಪ್ಪಟ್ಟು, ಮೆತ್ತಗಿನದು