ಆ ಮನೆಯಲ್ಲಿ ನಿಜಕ್ಕೂ ಯಾರಿದ್ದರು?

ನ್ಯೂಯಾರ್ಕ್‌ನ ಮ್ಯಾನ್‌ಹ್ಯಾಟನ್‌ನಲ್ಲಿ ದುಬಾರಿ ಅಪಾರ್ಟ್‌ಮೆಂಟ್ ಮಾರಾಟಕ್ಕೆ ಬಂದರೆ, ಅಲ್ಲಿ ಹಿಂದೆ ಯಾರಿದ್ದರು ಅಂತ ಹುಡುಕಿ ಬರೆದುಕೊಡುವುದು ನನ್ನ ಕೆಲಸ. ಏಜೆಂಟ್‌ಗಳು ಸಾಮಾನ್ಯವಾಗಿ ಒಂದು ದೊಡ್ಡ ಹೆಸರು ಹಿಡಿದುಕೊಂಡೇ ಬರುತ್ತಾರೆ. ಯಾವ ಮನೆ, ಯಾವ ವರ್ಷ, ಸ್ವಂತದ್ದಾ ಬಾಡಿಗೆಯಾ, ಇಷ್ಟು ಕಾಗದದಲ್ಲಿ ಸಿಗುವವರೆಗೆ ನಾನು ಆ ಹೆಸರು ಬರೆಯುವುದಿಲ್ಲ.

ಜಾಸ್ತಿ ಎಡವಟ್ಟಾಗುವುದು ಕಟ್ಟಡಕ್ಕೂ ಮನೆಗೂ ಗಂಟು ಹಾಕುವಾಗ. ಪಶ್ಚಿಮ 72ನೇ ಬೀದಿಯ ಡಕೋಟಾ ತಗೊಳ್ಳಿ. 1884ರಲ್ಲಿ ಮುಗಿದ ಕಟ್ಟಡ, ಹಾರ್ಡನ್‌ಬರ್ಗ್ ಅವರ ವಿನ್ಯಾಸ. ಅಲ್ಲಿ ಯಾವ ಮನೆ ಮಾರಾಟಕ್ಕೆ ಬಂದರೂ ಬೀಟಲ್ಸ್ ಗಾಯಕ ಜಾನ್ ಲೆನನ್ ಹೆಸರು ಹಾಕಬೇಕು ಅಂತ ಆಸೆಪಡುತ್ತಾರೆ. ಲೆನನ್ 1973ರಲ್ಲಿ ಅಲ್ಲಿಗೆ ಬಂದದ್ದು ನಿಜ, ಆದರೆ ಅವರಿದ್ದ ಮಹಡಿ ಬೇರೆ, ಮಾರುತ್ತಿರುವ ಮಹಡಿ ಬೇರೆ. 'ಲೆನನ್ ಇದ್ದ ಕಟ್ಟಡ' ಅಂತ ಬರೆಯುತ್ತೇನೆ. 'ಲೆನನ್ ಇದ್ದ ಮನೆ' ಅಂತ ಬರೆಯುವುದಿಲ್ಲ. ಕೋಟಿಗಟ್ಟಲೆ ಡಾಲರ್ ಕೊಡುವವರಿಗೆ ಅಷ್ಟು ಸತ್ಯ ಸಿಗಬೇಕು, ಅಲ್ವಾ?

ಇನ್ನೊಂದು ಗೊಂದಲ, ಮಾಲೀಕರೆಲ್ಲ ಅಲ್ಲೇ ವಾಸ ಇದ್ದರು ಅಂದುಕೊಳ್ಳುವುದು. ಸೆಂಟ್ರಲ್ ಪಾರ್ಕ್ ಪಕ್ಕದ ಸ್ಯಾನ್ ರೆಮೊ ಗೋಪುರದಲ್ಲಿ ಸ್ಟೀವ್ ಜಾಬ್ಸ್ ಮನೆ ಕೊಂಡು, ವರ್ಷಗಟ್ಟಲೆ ನವೀಕರಣ ಮಾಡಿಸಿದರು. ಆದರೆ ಅಲ್ಲಿ ವಾಸಕ್ಕೆ ಬರಲೇ ಇಲ್ಲ. ಆಮೇಲೆ ಅದು ಗಾಯಕ ಬೊನೊ ಪಾಲಾಯಿತು. ಉಲ್ಟಾ ಕೂಡ ಇದೆ. ಬ್ರಾಡ್‌ವೇಯ ಆನ್ಸೋನಿಯಾ ಒಂದು ಕಾಲಕ್ಕೆ ವಸತಿ ಹೋಟೆಲ್. ಬೇಸ್‌ಬಾಲ್ ಆಟಗಾರ ಬೇಬ್ ರೂತ್ ಅಲ್ಲಿದ್ದರು, ಆದರೆ ಬಾಡಿಗೆಗೆ. ಕ್ರಯಪತ್ರ ಹುಡುಕಿದರೆ ಏನೂ ಸಿಗುವುದಿಲ್ಲ.

ಕ್ರಯಪತ್ರದ ಕತೆಯೇ ಬೇರೆ. ನಗರದ ಆನ್‌ಲೈನ್ ದಾಖಲೆ 'ಅಕ್ರಿಸ್'ನಲ್ಲಿ 1966ರಿಂದ ಈಚಿನವು ಸಿಗುತ್ತವೆ. ಆದರೆ ಹಳೆಯ ಪ್ರತಿಷ್ಠಿತ ಕಟ್ಟಡಗಳಲ್ಲಿ ಹೆಚ್ಚಿನವು ಕೋ-ಆಪ್. ಅಲ್ಲಿ ನೀವು ಮನೆ ಕೊಳ್ಳುವುದಿಲ್ಲ, ಕಂಪನಿಯ ಷೇರು ಕೊಳ್ಳುತ್ತೀರಿ. ಹಾಗಾಗಿ ಕ್ರಯಪತ್ರದಲ್ಲಿ ಕಂಪನಿ ಹೆಸರು ಮಾತ್ರ ಕಾಣುತ್ತದೆ.

ನನಗೆ ಕೈ ಹಿಡಿಯುವುದು ಜನಗಣತಿ. ಅಮೆರಿಕದಲ್ಲಿ ಅದನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುತ್ತಾರೆ. 1950ರದ್ದು 2022ರ ಏಪ್ರಿಲ್‌ನಲ್ಲಿ ತೆರೆಯಿತು. ನಾನು ಮೊದಲು ನೋಡುವುದು 1940ರ ಹಾಳೆ. ಬೀದಿಯ ಹೆಸರು ಎಡ ಅಂಚಿನಲ್ಲಿ ಉದ್ದುದ್ದ ಬರೆದಿರುತ್ತದೆ, ಪಕ್ಕದಲ್ಲಿ ಕಟ್ಟಡದ ನಂಬರ್, ಸ್ವಂತವೋ ಬಾಡಿಗೆಯೋ, ತಿಂಗಳಿಗೆ ಎಷ್ಟು. ಗಣತಿದಾರನಿಗೆ ಮಾಹಿತಿ ಕೊಟ್ಟವರ ಹೆಸರಿನ ಮುಂದೆ ವೃತ್ತದೊಳಗೆ ಒಂದು ಅಡ್ಡಗುರುತು. 1935ರಲ್ಲಿ ಎಲ್ಲಿದ್ದಿರಿ ಅಂತಲೂ ಒಂದು ಕಾಲಂ. 'ಇದೇ ಮನೆ' ಅಂತ ಅಲ್ಲಿದ್ದರೆ ಐದು ವರ್ಷದ ಹಿಂದೆಯೂ ಅಲ್ಲೇ ಇದ್ದರು ಅಂತ ಒಂದೇ ಸಾಲಿನಲ್ಲಿ ಸಿಕ್ಕಿಬಿಡುತ್ತದೆ. ಅಪಾರ್ಟ್‌ಮೆಂಟ್ ನಂಬರಿಗೆ 1950ರ ಹಾಳೆಯಲ್ಲಿ ಜಾಗ ಇದೆ, ಆದರೆ ಬರೆಯುವವರು ಎಷ್ಟೋ ಕಡೆ ಬಿಟ್ಟಿದ್ದಾರೆ. ಆಗ ಹಳೆಯ ಟೆಲಿಫೋನ್ ಡೈರೆಕ್ಟರಿ, ಪತ್ರಿಕೆಯ ನಿಧನವಾರ್ತೆ, ಪತ್ರಗಳ ಮೇಲೆ ಅಚ್ಚಾದ ವಿಳಾಸ, ಎಲ್ಲವನ್ನೂ ಜೋಡಿಸಬೇಕು.

ನಂಬರ್ ಸಿಕ್ಕಿತು ಅಂತ ಸುಮ್ನೆ ಕೂರುವ ಹಾಗಿಲ್ಲ. ಎರಡನೇ ಮಹಾಯುದ್ಧಕ್ಕೂ ಮುಂಚಿನ ದೊಡ್ಡ ಮನೆಗಳನ್ನು ಆಮೇಲೆ ಎಷ್ಟೋ ಕಡೆ ಕತ್ತರಿಸಿದ್ದಾರೆ, ಕೆಲವನ್ನು ಕೂಡಿಸಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಏವರಿ ಗ್ರಂಥಾಲಯದಲ್ಲಿ ಹಳೆಯ ಮಾರಾಟದ ಕರಪತ್ರಗಳ ಸಂಗ್ರಹವಿದೆ, ನಕ್ಷೆ ಸಮೇತ. ಅದನ್ನು ಇವತ್ತಿನ ನಕ್ಷೆ ಪಕ್ಕ ಇಟ್ಟು, ಒಲೆಗೂಡು ಮತ್ತು ಕಿಟಕಿಗಳನ್ನು ಒಂದೊಂದಾಗಿ ತಾಳೆ ನೋಡುತ್ತೇನೆ. ಗೋಡೆ ಸರಿಯುತ್ತದೆ, ಹೊಗೆಕೊಳವೆ ಅಷ್ಟು ಸುಲಭವಾಗಿ ಸರಿಯುವುದಿಲ್ಲ. ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲ್‌ನಲ್ಲಿ ಗೀತರಚನೆಕಾರ ಕೋಲ್ ಪೋರ್ಟರ್, ಅಮೆರಿಕದ ಮಾಜಿ ಅಧ್ಯಕ್ಷ ಹರ್ಬರ್ಟ್ ಹೂವರ್ ವರ್ಷಗಟ್ಟಲೆ ಇದ್ದರು. ಈಗ ಅಲ್ಲಿ ಮುನ್ನೂರಕ್ಕೂ ಹೆಚ್ಚು ಮನೆಗಳು, ಒಳಗೆಲ್ಲ ಹೊಸದಾಗಿ ಕಟ್ಟಿದ್ದು. ಅಂಥಲ್ಲಿ 'ಅವರ ಕೋಣೆ' ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಹೆಸರಿನಿಂದ ಬೆಲೆ ಏರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಅನುಭವದಲ್ಲಿ ಹೆಸರು ಜನರನ್ನು ಬಾಗಿಲವರೆಗೆ ತರುತ್ತದೆ. ಆಮೇಲೆ ಬೆಳಕು, ನೋಟ, ತಿಂಗಳ ನಿರ್ವಹಣಾ ಶುಲ್ಕ ಮಾತಾಡುತ್ತವೆ. ನಟಿ ಲೊರೆನ್ ಬಕಾಲ್ ಡಕೋಟಾದಲ್ಲಿ ಐದು ದಶಕಕ್ಕೂ ಜಾಸ್ತಿ ಇದ್ದರು. 2014ರಲ್ಲಿ ಅವರು ತೀರಿಕೊಂಡ ಮೇಲೆ ಆ ಮನೆಗೆ 2.6 ಕೋಟಿ ಡಾಲರ್ ಕೇಳಿದರು, ಕೊನೆಗೆ ಹೋದದ್ದು 2.1 ಕೋಟಿಗೆ. ಸಾವಿನ ವಿಷಯ ಹೇಳಲೇಬೇಕಾ ಅಂತಲೂ ಏಜೆಂಟ್‌ಗಳು ಕೇಳುತ್ತಾರೆ. ಮನೆಯಲ್ಲಿ ಸಾವು, ಕೊಲೆ ಆಗಿತ್ತು ಅಂತ ತಾನಾಗಿ ತಿಳಿಸಬೇಕೆಂದು ನ್ಯೂಯಾರ್ಕ್ ರಾಜ್ಯದ ಕಾನೂನು ಹೇಳುವುದಿಲ್ಲ. ಕೊಳ್ಳುವವರು ಬರೆದು ಕೇಳಬಹುದು, ಉತ್ತರ ಕೊಡುವುದು ಬಿಡುವುದು ಮಾರುವವರ ಇಷ್ಟ.

ನನಗೆ ತುಂಬಾ ಮುಖ್ಯ ಅನ್ನಿಸುವ ಸಾಲುಗಳು ಬೇರೆ. ಗಣತಿ ಹಾಳೆಯಲ್ಲಿ ಮನೆಯೊಡೆಯರ ಹೆಸರಿನ ಕೆಳಗೇ ಅಡುಗೆಯವರು, ಮನೆಗೆಲಸದವರು ಇರುತ್ತಾರೆ. ಹೆಸರು, ವಯಸ್ಸು, ಹುಟ್ಟಿದ ದೇಶ ಎಲ್ಲ ಇರುತ್ತದೆ. ಎಷ್ಟೋ ಸಲ ಐರ್ಲೆಂಡ್. ಅವರೂ ಆ ವಿಳಾಸದ ನಿವಾಸಿಗಳೇ. ಹಾಗಾಗಿ ಅವರನ್ನೂ ಸೇರಿಸಿಯೇ ಬರೆಯುತ್ತೇನೆ. ಕೆಲವು ಏಜೆಂಟ್‌ಗಳು ಆ ಸಾಲು ಹೊಡೆದುಹಾಕುತ್ತಾರೆ, ಮುಂದಿನ ಸಲ ಮತ್ತೆ ಬರೆಯುತ್ತೇನೆ. ಅಡುಗೆಮನೆ ಹಿಂದಿನ ಅವರ ಪುಟ್ಟ ಕೋಣೆಗಳನ್ನು ಈಗ ಹೋಮ್ ಆಫೀಸ್ ಅಂತ ತೋರಿಸುತ್ತಾರೆ. ಅದು ಮೊದಲು ಏನಾಗಿತ್ತು ಅಂತ ಯಾರಾದರೂ ಕೇಳಿದರೆ, ನನ್ನ ಪುಟ ಇಟ್ಟುಕೊಂಡ ಏಜೆಂಟ್ ಹೆಸರು ಸಮೇತ ಹೇಳಬಲ್ಲರು.