ವೀಡಿಯೊ ನೋಡಿ ಕಲಿತ ಜರ್ಮನ್ ಉದ್ದಗತ್ತಿಯ ವರಸೆ

14ನೇ ಶತಮಾನದ ಯೋಹಾನೆಸ್ ಲೀಖ್ಟೆನೌಅರ್ ಎಂಬ ಗುರುವಿನ ಹೆಸರಿನಲ್ಲಿ ಉಳಿದು ಬಂದಿರುವ, ಎರಡೂ ಕೈಗಳಿಂದ ಹಿಡಿಯುವ ಉದ್ದಗತ್ತಿಯ ವಿದ್ಯೆಗೆ ಇಂದು ಜೀವಂತ ಗುರುಪರಂಪರೆ ಇಲ್ಲ. ಉಳಿದಿರುವುದು ಒಗಟಿನಂಥ ಪ್ರಾಸಬದ್ಧ ಸಾಲುಗಳು ಮತ್ತು ಅವುಗಳಿಗೆ 15ನೇ ಶತಮಾನದಲ್ಲಿ ಬರೆದಿಟ್ಟ ವ್ಯಾಖ್ಯಾನಗಳು. ಹೀಗಾಗಿ ವೀಡಿಯೊದಲ್ಲಿ ಯಾರು ಏನನ್ನೇ ಕಲಿಸಲಿ, ಅದು ಆ ಹಸ್ತಪ್ರತಿಗಳಿಂದ ಅವರು ಕಂಡುಕೊಂಡ ಅರ್ಥ. ಆದ್ದರಿಂದ ನಾನು ಮೊದಲು ವ್ಯಾಖ್ಯಾನದ ಒಂದು ಭಾಗವನ್ನು ಅನುವಾದದಲ್ಲಿ ಓದಿ, ಆಮೇಲೆ ಅದನ್ನೇ ಬೇರೆ ಬೇರೆ ಶಿಕ್ಷಕರು ಮಾಡಿ ತೋರಿಸುವುದನ್ನು ನೋಡಿ, ಅವರಲ್ಲಿ ಭೇದ ಕಂಡಲ್ಲಿ ಮತ್ತೆ ಪಠ್ಯಕ್ಕೆ ಮರಳುವ ಕ್ರಮವನ್ನು ಇಟ್ಟುಕೊಂಡೆ.

ಓಕ್ಸ್, ಪ್ಫ್ಲೂಗ್, ಆಲ್ಬರ್, ಫೊಮ್ ಟಾಗ್ ಎಂಬ, ಕತ್ತಿ ಹಿಡಿದು ನಿಲ್ಲುವ ನಾಲ್ಕು ಭಂಗಿಗಳು ಕನ್ನಡಿಯ ಮುಂದೆಯೇ ಕೂಡಿಬರುತ್ತವೆ. ನಿಜವಾದ ಕೆಲಸವಿರುವುದು ತ್ಸೋರ್ನ್‌ಹೌ ಎಂಬ, ಬಲ ಹೆಗಲಿನಿಂದ ಓರೆಯಾಗಿ ಇಳಿಯುವ ಏಟಿನಲ್ಲಿ. ನ್ಯೂರೆಂಬರ್ಗ್‌ನ ವಸ್ತುಸಂಗ್ರಹಾಲಯದಲ್ಲಿರುವ 3227ಎ ಹಸ್ತಪ್ರತಿಯು, ಕತ್ತಿಯ ಮೊನೆಗೆ ದಾರ ಕಟ್ಟಿ ಎದುರಾಳಿಯ ಕಡೆಗೆ ಎಳೆದಂತೆ ಏಟು ನೇರವಾಗಿ, ಹತ್ತಿರದ ದಾರಿಯಲ್ಲಿ ಸಾಗಬೇಕೆನ್ನುತ್ತದೆ. ಎದುರಿನಿಂದ ಚಿತ್ರಿಸಿದ ವೀಡಿಯೊದಲ್ಲಿ ಈ ದಾರಿಯೂ ಕಾಣುವುದಿಲ್ಲ, ಇಬ್ಬರ ನಡುವಿನ ಅಂತರವೂ ಕಾಣುವುದಿಲ್ಲ. ಪಕ್ಕದಿಂದ ತೆಗೆದ ವೀಡಿಯೊಗಳನ್ನೇ ಆರಿಸಿ ಅರ್ಧ ವೇಗದಲ್ಲಿ ನೋಡುತ್ತಾ, ಕೈ ಮೊದಲು ಹೊರಡುತ್ತದೆಯೋ ಕಾಲು ಮೊದಲು ಹೊರಡುತ್ತದೆಯೋ ಎಂಬುದೊಂದನ್ನೇ ಗಮನಿಸಿದೆ. ಮೊಬೈಲನ್ನು ಸೊಂಟದ ಎತ್ತರದಲ್ಲಿ ಪಕ್ಕಕ್ಕಿಟ್ಟು ನನ್ನ ಏಟನ್ನೂ ಚಿತ್ರಿಸಿ ಎರಡನ್ನೂ ಹೋಲಿಸಿದೆ. ಅಲಗು ಮುಂದೆ ಬಂದು ನನ್ನನ್ನು ಕಾಯತೊಡಗಿದ ಮೇಲೆಯೇ ದೇಹ ಎದುರಾಳಿಯ ಕತ್ತಿ ತಲುಪುವಷ್ಟು ಹತ್ತಿರಕ್ಕೆ ಹೋಗಬೇಕೆಂಬುದು ಇದರಿಂದ ನನಗೆ ಖಚಿತವಾಯಿತು.

ಆದರೆ ಕತ್ತಿಗೆ ಕತ್ತಿ ತಾಗಿದ ಕ್ಷಣದಿಂದ ಮುಂದಿನದನ್ನು ಯಾವ ವೀಡಿಯೊವೂ ಕಲಿಸಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ತಾಗಿದೊಡನೆ ಎದುರಾಳಿಯ ಒತ್ತಡ ಮೃದುವಾಗಿದ್ದರೆ ಮೊನೆಯನ್ನು ನೇರವಾಗಿ ಅವನ ಮುಖಕ್ಕೋ ಎದೆಗೋ ಚಾಚಬೇಕು; ಅವನು ಬಲವಾಗಿ ಪಕ್ಕಕ್ಕೆ ತಳ್ಳಿದರೆ ಕತ್ತಿಯನ್ನು ಮೇಲಕ್ಕೆತ್ತಿ ಬಿಡಿಸಿಕೊಂಡು ಇನ್ನೊಂದು ಬದಿಯಿಂದ ತಲೆಗೆ ಹೊಡೆಯಬೇಕು. ಈ ನಿರ್ಧಾರ ಆಗುವುದು ಅಂಗೈಯಲ್ಲಿ. ಹಳೆಯ ವ್ಯಾಖ್ಯಾನಕಾರರು ಇದನ್ನು ಫ್ಯೂಲೆನ್, ಅಂದರೆ ಸ್ಪರ್ಶದಿಂದ ಅರಿಯುವುದು, ಎಂದು ಕರೆದು, ವಿದ್ಯೆಯ ಅತಿ ದೊಡ್ಡ ಅಂಗಗಳಲ್ಲಿ ಒಂದೆಂದು ಪರಿಗಣಿಸಿದ್ದು ಅತ್ಯಂತ ಸಮಂಜಸವಾಗಿದೆ.

ಇದಕ್ಕಾಗಿ ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಂಡೆ. ಇಬ್ಬರೂ ಮುಖಕವಚ ಮತ್ತು ದಪ್ಪ ಕೈಗವಸು ಧರಿಸಿ, ಕತ್ತಿಗಳನ್ನು ತಾಗಿಸಿ ನಿಂತು, ಒತ್ತಡವನ್ನು ಮಾತ್ರ ಬದಲಿಸುತ್ತಾ ನಿಧಾನವಾಗಿ ಅಭ್ಯಾಸ ಮಾಡಿದೆವು. ಗೆಳೆಯರು ಮುಂದೇನು ಮಾಡುವರೆಂದು ಹೇಳುತ್ತಿರಲಿಲ್ಲ; ನಾನು ಕಣ್ಣು ಮುಚ್ಚಿ ಅದನ್ನು ಕೈಯಿಂದಲೇ ತಿಳಿಯಬೇಕಿತ್ತು. ಈ ಹಂತದಲ್ಲಿ ವೇಗ ಹೆಚ್ಚಿಸಿದರೆ ಸ್ಪರ್ಶದ ಅರಿವು ಹೋಗಿ ಬರೀ ಊಹೆ ಉಳಿಯುತ್ತದೆ. ಆದ್ದರಿಂದ ಹೊಸದಾಗಿ ಕಲಿಯುವವರು ಬಲವಾದ ಸೆಣಸಾಟಕ್ಕೆ ಇಳಿಯುವ ಮೊದಲು, ಸಾಧ್ಯವಾದರೆ ಅನುಭವಿಯೊಬ್ಬರ ಕತ್ತಿಯೊಂದಿಗೆ ಒಮ್ಮೆಯಾದರೂ ತಮ್ಮ ಕತ್ತಿಯನ್ನು ತಾಗಿಸಿ ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ.

ಈಗ ತಲೆಯ ಮೇಲೆ ಅಡ್ಡಲಾಗಿ ಬೀಸುವ ತ್ಸ್ವೆರ್ಖ್‌ಹೌ ಏಟನ್ನು ಅಭ್ಯಾಸ ಮಾಡುತ್ತಿದ್ದೇನೆ. ಇದಕ್ಕೆ ಮಾತ್ರ ಪಕ್ಕದ ನೋಟ ಸಾಲದು: ಹಿಡಿ ತಲೆಯನ್ನು ಎಷ್ಟು ಮುಚ್ಚುತ್ತದೆ, ಹೆಬ್ಬೆರಳು ಅಲಗಿನ ಕೆಳಗೆ ಎಲ್ಲಿ ಕೂರುತ್ತದೆ ಎಂಬುದನ್ನು ಎದುರಿನಿಂದಲೇ ನೋಡಬೇಕಾಗಿರುವುದರಿಂದ, ಎರಡು ಕೋನಗಳಿಂದ ಚಿತ್ರಿಸಿದ ಪಾಠಗಳನ್ನು ಹುಡುಕಿ ಬಳಸುತ್ತಿದ್ದೇನೆ.